ಮರೆವ್ವನ ಬಲ್ಬಿನ ಗಳ

ಗುಳೇದಗುಡ್ಡದ ನಮ್ಮ ಓಣಿಯಲ್ಲಿ ಬಲ್ಬು ಹೋದರೆ ಜನ ಮೊದಲು ಹೊಸ ಬಲ್ಬು ತರುವುದಿಲ್ಲ, ಮನೆ ಗುಡಿಸುತ್ತಾರೆ. ಯಾಕೆಂದರೆ ಬಲ್ಬು ಹಾಕಲು ಮರೆವ್ವ ಬರುತ್ತಾಳೆ. ಮರೆವ್ವನ ಜೊತೆ ಹತ್ತಡಿ ಉದ್ದದ ಬಿದಿರಿನ ಗಳ ಬರುತ್ತದೆ, ಗಳದ ಜೊತೆ ಅವಳ ಎರಡು ಕಣ್ಣು ಬರುತ್ತವೆ. ಗಳ ಮೇಲಿನ ಬಲ್ಬನ್ನು ನೋಡಿಕೊಳ್ಳುತ್ತದೆ. ಕಣ್ಣು ಕೆಳಗಿನದೆಲ್ಲವನ್ನೂ ನೋಡಿಕೊಳ್ಳುತ್ತವೆ. ದೀಪಾವಳಿಗೆ ಕೂಡ ಹೊರಬರದ ಕಸ ಬಲ್ಬು ಹೋದ ದಿನ ನಮ್ಮ ಮನೆಗಳಿಂದ ಹೊರಬರುತ್ತದೆ.

ಮರೆವ್ವನಿಗೆ ಐವತ್ತೆಂಟು ವರ್ಷ. ಎತ್ತರ ನಾಲ್ಕಡಿ ಹತ್ತು ಇಂಚು. ಕಡಿಮೆ ಬಿದ್ದದ್ದನ್ನು ಬಿದಿರು ತುಂಬಿಕೊಟ್ಟಿದೆ. ಕಸುಬು ಖಣ, ಅಂದರೆ ರವಿಕೆಯ ಬಟ್ಟೆ, ನೇಯುವುದು. ಗಂಡ ಹುಲ್ಲಪ್ಪನದೂ ಅದೇ. ಮನೆಯಲ್ಲಿ ಎರಡು ಮಗ್ಗ, ಒಂದು ಬೆಕ್ಕು. ಹುಲ್ಲಪ್ಪ ದಿನಕ್ಕೆ ಹತ್ತಿಪ್ಪತ್ತು ಮಾತಾಡುವ ಮನುಷ್ಯ, ಅದರಲ್ಲಿ ಅರ್ಧ ಬೆಕ್ಕಿಗೆ. ಉಳಿದ ಮಾತೆಲ್ಲ ಮರೆವ್ವನ ಪಾಲು. ಬುರುಡೆ ಹಾಕುವುದರಲ್ಲಿ ಅವಳು ಎಷ್ಟು ಜಾಣೆಯೋ ಬುರುಡೆ ಬಿಡುವುದರಲ್ಲೂ ಅಷ್ಟೇ ಎಂದು ಓಣಿಯ ಜನ ಅನ್ನುತ್ತಾರೆ, ಆದರೆ ಅವಳ ಗಳ ನಮ್ಮ ಮನೆಯಿಂದ ಹೊರಗೆ ಹೋದ ಮೇಲೆ ಮಾತ್ರ.

ಒಂದು ಬಲ್ಬಿಗೆ ಇಷ್ಟೇಕೆ ಗದ್ದಲ, ಏಣಿ ಹಾಕಿದರೆ ಮುಗಿಯಿತಲ್ಲ ಎಂದು ಮಗ್ಗ ನೋಡದವರು ಕೇಳಬಹುದು. ನಮ್ಮಲ್ಲಿ ಮಗ್ಗಕ್ಕೆ ನೆಲದಲ್ಲಿ ಕುಣಿ ತೋಡಿರುತ್ತಾರೆ. ನೇಯುವವರು ಆ ಕುಣಿಯಲ್ಲಿ ಕಾಲಿಳಿಸಿ ಕೂರುತ್ತಾರೆ. ಅವರ ಎದುರಿಗೆ ಆಚೆ ಗೋಡೆಯವರೆಗೆ ರೇಷ್ಮೆಯ ಉದ್ದೆಳೆಗಳು ಬಿಗಿಯಾಗಿ ಹರಡಿಕೊಂಡಿರುತ್ತವೆ. ಅದಕ್ಕೆ ಹಾಸು ಅನ್ನುತ್ತಾರೆ. ಒಂದು ಹಾಸು ಹಾಕಿದರೆ ಮುಗಿಯುವುದಕ್ಕೆ ತಿಂಗಳು ಬೇಕು. ಬಲ್ಬು ಇರುವುದು ಕುಣಿಯ ಅಂಚಿಗೆ, ಸರಿಯಾಗಿ ಅದರ ನೆತ್ತಿಯ ಮೇಲೆ, ಹತ್ತು ಅಡಿ ಎತ್ತರದ ತೊಲೆಗೆ. ಏಣಿ ಊರುವುದಕ್ಕೆ ಜಾಗವಿಲ್ಲ. ಜಾಗವಿದ್ದರೂ ಊರುವ ಹಾಗಿಲ್ಲ, ಯಾಕೆಂದರೆ ಹಾಸಿನ ಮೇಲೆ ಯಾರ ಕಾಲೂ ಬರಬಾರದು. ಊಟದ ಎಲೆ ದಾಟಿದರೆ ಒಂದು ಬೈಗುಳಕ್ಕೆ ಬಿಡುತ್ತಾರೆ. ಹಾಸು ದಾಟಿದರೆ ಅಜ್ಜ ಮುತ್ತಜ್ಜರವರೆಗೆ ಹೋಗುತ್ತಾರೆ. ಹೀಗಾಗಿ ಹಾಸಿನ ನಡುವೆ ಬಲ್ಬು ಹೋಯಿತೆಂದರೆ ಹಾಸು ಮುಗಿಯುವವರೆಗೆ ಬಾಗಿಲ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ನೇಯಬೇಕಿತ್ತು.

ಮರೆವ್ವನ ಗಳ ಬರುವವರೆಗಿನ ಕತೆ ಇದು. ಗಳದ ತುದಿಗೆ ಅರ್ಧಕ್ಕೆ ಕತ್ತರಿಸಿದ ಪ್ಲಾಸ್ಟಿಕ್ ಡಬ್ಬಿ ಕಟ್ಟಿದ್ದಾಳೆ. ಡಬ್ಬಿಯ ಒಳಮೈಗೆ ಸೈಕಲ್ ಟ್ಯೂಬಿನ ಪಟ್ಟಿ, ಅದರ ಮೇಲೆ ಖಣದ ಚಿಂದಿ. ಬಲ್ಬು ಅದರಲ್ಲಿ ತೊಟ್ಟಿಲ ಕೂಸಿನ ಹಾಗೆ ಕೂರುತ್ತದೆ. ನಮ್ಮ ಕಡೆಯ ಬಲ್ಬಿಗೆ ಎರಡು ಪಿನ್ನು; ಬರೀ ತಿರುವಿದರೆ ಬರುವುದಿಲ್ಲ. ಮೇಲಕ್ಕೆ ಒತ್ತಬೇಕು, ಒತ್ತಿಕೊಂಡೇ ತಿರುವಬೇಕು. ಮರೆವ್ವ ಆಗ ಮೇಲೆ ನೋಡುವುದಿಲ್ಲ, ನೋಡಿದರೆ ಕಣ್ಣಿಗೆ ಧೂಳು ಬೀಳುತ್ತದೆ. ಕಣ್ಣು ಮುಚ್ಚಿ ಕಿವಿಯನ್ನು ಗಳಕ್ಕೆ ಹಚ್ಚುತ್ತಾಳೆ. ಪಿನ್ನು ಹೋಲ್ಡರಿನಲ್ಲಿ ಕಚ್ಚಿಕೊಂಡಾಗ ಬಿದಿರಿನೊಳಗೆ "ಟಕ್" ಅನ್ನುತ್ತದಂತೆ. ಡಾಕ್ಟರು ಎದೆಗೆ ನಳಿಗೆ ಹಚ್ಚಿದಾಗ ಮನೆಯವರು ಹೇಗೆ ಉಸಿರು ಹಿಡಿಯುತ್ತಾರೋ ಹಾಗೆ ಎಲ್ಲರೂ ಆ "ಟಕ್"ಗೆ ಕಾಯುತ್ತಾರೆ. ಅದು ಬಂತೋ, "ಹಾಕ್ರಿ ಬಟನ್" ಅನ್ನುತ್ತಾಳೆ. ಬೆಳಕು ಬೀಳುತ್ತದೆ. ಆ ಬೆಳಕಿನಲ್ಲಿ ಅವಳ ನಿಜವಾದ ಕೆಲಸ ಶುರುವಾಗುತ್ತದೆ.

"ಶಕೀಲಾ, ನಿಮ್ಮ ಕಪಾಟಿನ ಮ್ಯಾಲ ಹೊಸಾ ಕುಕ್ಕರ ಐತಲ್ಲ, ಯಾವಾಗ ತಂದ್ರಿ?"

"ಬಲ್ಬ್ ನೋಡ್ರಿ ಮರೆವ್ವಕ್ಕಾ."

"ಬಲ್ಬ್ ಎಲ್ಲಿಗಿ ಹೋಗ್ತೈತಿ, ಅಲ್ಲೇ ಇರ್ತೈತಿ. ಡಬ್ಬಿ ಇನ್ನಾ ಒಡದಿಲ್ಲ. ಯಾರಿಗರ ಕೊಡಾಕ ಇಟ್ಟೀರೇನು?"

ಎದುರು ಮನೆಯ ಶಕೀಲ ಆ ಕುಕ್ಕರನ್ನು ನಾದಿನಿಯ ಹೊಸ ಮನೆಗೆ ಕೊಡಲು ಯಾರಿಗೂ ಗೊತ್ತಾಗದಂತೆ ತಂದಿಟ್ಟಿದ್ದಳು. ಸಂಜೆಯೊಳಗೆ ನಾದಿನಿ ಫೋನು ಮಾಡಿ, "ಐದು ಲೀಟರಿಂದೋ ಮೂರು ಲೀಟರಿಂದೋ?" ಎಂದು ಕೇಳಿದಳು.

ಇದಕ್ಕೇ ಬಹಳ ಜನ ಗಳವನ್ನಷ್ಟೇ ಒಯ್ಯಲು ನೋಡಿದ್ದುಂಟು. "ಮರೆವ್ವಕ್ಕಾ, ನೀವ್ಯಾಕ ತ್ರಾಸ ತಗೋತೀರಿ, ಗಳಾ ಕೊಡ್ರಿ, ಐದ ಮಿಂಟಿನ್ಯಾಗ ತಂದ ಕೊಡ್ತೇವಿ" ಎಂದು ನಯವಾಗಿ ಕೇಳುತ್ತಾರೆ. ಮರೆವ್ವನ ಉತ್ತರ ಹನ್ನೊಂದು ವರ್ಷದಿಂದ ಒಂದೇ:

"ಗಳ ಒಂದ ಎಲ್ಲಿಗೂ ಹೋಗಂಗಿಲ್ಲ. ಗಳದ ಜೋಡಿ ನಾನೂ ಬರ್ತೇನಿ."

"ಹೆಣ್ಣಮಗಳ್ನ ಕಳಿಸಿದಂಗ ನೋಡ್ರಿ" ಎಂದು ಹುಲ್ಲಪ್ಪ ಆ ದಿನದ ಮಾತಿನ ಪಾಲನ್ನು ಅಲ್ಲಿ ಖರ್ಚು ಮಾಡುತ್ತಾನೆ.

ಹೀಗೆ ನಮ್ಮ ಓಣಿಯ ಪ್ರತಿ ಮನೆಯ ಬಾಳಿನಲ್ಲೂ ಮರೆವ್ವ ಹಾಸುಹೊಕ್ಕಾಗಿದ್ದಾಳೆ. ಒಂದೇ ಒಂದು ಮನೆಯಲ್ಲಿ ಹಾಸು ಇತ್ತು, ಇವಳು ಹೊಕ್ಕಿರಲಿಲ್ಲ. ಅದು ಪಕ್ಕದ ಮನೆ. ಅಲ್ಲಿರುವವಳು ಮಲ್ಲಮ್ಮ, ಹುಲ್ಲಪ್ಪನ ಅಣ್ಣ ಪ್ರಭುಲಿಂಗನ ಹೆಂಡತಿ, ಅಂದರೆ ಮರೆವ್ವನ ನೆಗೆಣ್ಣಿ. ಎರಡೂ ಮನೆಗೆ ಒಂದೇ ನಡುಗೋಡೆ. ಅಣ್ಣತಮ್ಮಂದಿರು ದಿನಾ ಮುಂಜಾನೆ ಒಂದೇ ಹೋಟೆಲಿನಲ್ಲಿ ಒಂದು ಚಹಾವನ್ನು ಎರಡು ಮಾಡಿ ಕುಡಿಯುತ್ತಾರೆ. ಹೆಂಡಂದಿರು ಹನ್ನೊಂದು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿ ಮಾತಾಡಿಲ್ಲ.

ಆದದ್ದು ಇಷ್ಟು. ಹನ್ನೊಂದು ವರ್ಷದ ಹಿಂದೆ ಮಲ್ಲಮ್ಮನ ಮಗ್ಗದ ಮೇಲಿನ ಬಲ್ಬು ಹೋಯಿತು. ಹಾಸು ಹಾಕಿ ಎರಡು ದಿನವಾಗಿತ್ತು. ಆಗ ಇಬ್ಬರಿಗೂ ಒಬ್ಬರನ್ನು ಬಿಟ್ಟು ಒಬ್ಬರಿಗೆ ನೀರು ಇಳಿಯುತ್ತಿರಲಿಲ್ಲ. "ಅಕ್ಕಾ, ನಾ ಹಗುರ ಅದೇನಿ, ನಾ ಹತ್ತತೇನಿ" ಎಂದು ಮರೆವ್ವ ಹಾಸಿನ ಆಚೆ ಒಂದು, ಈಚೆ ಒಂದು ಸ್ಟೂಲಿಟ್ಟು, ನಡುವೆ ಹಲಗೆ ಹಾಕಿ, ಅದರ ಮೇಲೆ ನಿಂತಳು. ಮಲ್ಲಮ್ಮ ಬ್ಯಾಡ ಬ್ಯಾಡ ಅನ್ನುತ್ತಲೇ ಇದ್ದಳು. ಹಲಗೆ ಜಾರಿತು. ಮರೆವ್ವ ಅಂಗಾತ ಹಾಸಿನ ಮೇಲೆ ಬಿದ್ದಳು. ರೇಷ್ಮೆ ಅವಳನ್ನು ಜೋಲಿಯ ಹಾಗೆ ಹಿಡಿಯಿತು, ಹಿಡಿದು ಮುನ್ನೂರು ಎಳೆ ಹರಿಯಿತು. ಅವಳ ಮೈಗೆ ಒಂದು ಗೀರೂ ಆಗಲಿಲ್ಲ. ಆಗ ಸುಮ್ಮನೆ ಎದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಗಾಬರಿಯಲ್ಲಿ ನಗು ಬಂದು ಅವಳು ಮಲಗಿದಲ್ಲಿಂದಲೇ ಅಂದಳು:

"ಅಕ್ಕಾ, ನಿನ್ನ ಹಾಸ ಭಾಳ ಮೆತ್ತಗೈತಿ ನೋಡು."

ಮಲ್ಲಮ್ಮ ನಗಲಿಲ್ಲ. "ಇನ್ನ ನನ್ನ ಹೊಸ್ತಿಲಾ ದಾಟಬ್ಯಾಡ" ಅಂದಳು.

"ನೀ ಕರದ್ರೂ ದಾಟಂಗಿಲ್ಲ" ಎಂದು ಇವಳೂ ಅಂದಳು. ಬಿದ್ದವರಿಗೆ ರೋಷ ಜಾಸ್ತಿ.

ಹರಿದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕಲು ಮಲ್ಲಮ್ಮನಿಗೆ ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ನಡುಗೋಡೆಯ ಆಚೆಯಿಂದ ಮಗ್ಗದ ಸಪ್ಪಳವಿಲ್ಲ. ಸಪ್ಪಳ ಇಲ್ಲದ್ದು ಎಷ್ಟು ಜೋರಾಗಿ ಕೇಳಿಸುತ್ತದೆ ಎನ್ನುವುದು ಮರೆವ್ವನಿಗೆ ಆಗ ಗೊತ್ತಾಯಿತು. ಐದನೆಯ ದಿನ ಆಚೆ ಮಗ್ಗ ಶುರುವಾಯಿತು. ಆರನೆಯ ದಿನ ಮರೆವ್ವ ಪೇಟೆಗೆ ಹೋಗಿ ಬಿದಿರು ತಂದಳು. ಪಂಕ್ಚರ್ ಅಂಗಡಿಯ ಯಾಕೂಬಸಾಬರ ಹತ್ತಿರ ಟ್ಯೂಬು ಬೇಡಿದಳು, ಡಬ್ಬಿ ಕತ್ತರಿಸಿದಳು. ಯಾರಿಗಾಗಿ ಮಾಡುತ್ತಿದ್ದೇನೆ ಎಂದು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಓಣಿಯವರಿಗೆ ಐದಾದ ಮೇಲೆ ಆರು ಎಂದು ಎಣಿಸಲು ಬರುತ್ತದೆ. ಗಳ ಊರಿನ ಬಲ್ಬುಗಳನ್ನೆಲ್ಲ ಹಾಕಿತು. ಯಾವ ಮನೆಗೆಂದು ಹುಟ್ಟಿತೋ ಆ ಮನೆಗೆ ಮಾತ್ರ ಹೋಗಲಿಲ್ಲ.

ಮಲ್ಲಮ್ಮನ ಬಲ್ಬು ಹೋದರೆ ಅದು ಮರೆವ್ವನಿಗೆ ಗೋಡೆಯಿಂದಲೇ ತಿಳಿಯುತ್ತದೆ. ಬೆಳಕು ಕಡಿಮೆಯಾದರೆ ಕೈ ನಿಧಾನ, ಕೈ ನಿಧಾನವಾದರೆ ಮಗ್ಗದ ಸಪ್ಪಳ ನಿಧಾನ. ಈ ಹನ್ನೊಂದು ವರ್ಷದಲ್ಲಿ ಹಾಗೆ ಎಷ್ಟೋ ಸಲ ಆಗಿದೆ. ಪ್ರತಿ ಸಲವೂ ಮರೆವ್ವ ಗಳ ಕೆಳಗಿಳಿಸಿ, ಒರೆಸಿ, ಡಬ್ಬಿಗೆ ಹೊಸ ಚಿಂದಿ ಹಾಕಿ, ತನ್ನ ಕಟ್ಟೆಯ ಮೇಲೆ ಕೂತಿದ್ದಾಳೆ. ಯಾರೂ ಕರೆದಿಲ್ಲ. ಮಲ್ಲಮ್ಮ ಬಾಗಿಲ ಬೆಳಕಿನಲ್ಲೇ ಹಾಸು ಮುಗಿಸಿ, ಖಾಲಿ ಮಗ್ಗದ ಮೇಲೆ ಗಂಡನನ್ನು ಹತ್ತಿಸಿ ಬಲ್ಬು ಹಾಕಿಸಿಕೊಂಡಿದ್ದಾಳೆ.

ಮಾತು ಪೂರ್ತಿ ನಿಂತಿತ್ತು ಎಂದರೆ ಸುಳ್ಳಾಗುತ್ತದೆ. ಇಬ್ಬರೂ ಗೋಡೆಗೆ ಹೇಳುತ್ತಿದ್ದರು. "ಕೆಲವರ ಮನಿ ಒಗ್ಗರಣಿ ನಾಕ ಮನಿ ಸೀನಸ್ತೈತಿ" ಎಂದು ಈ ಕಡೆಯಿಂದ, "ಕೆಲವರಿಗಿ ಮೂಗ ಉದ್ದ" ಎಂದು ಆ ಕಡೆಯಿಂದ. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಮರೆವ್ವ ಗೋಡೆಗೆ ಬೇರೊಂದು ಮಾತನ್ನೂ ಹೇಳಿದ್ದಳು. ಆಚೆಯಿಂದ ಉತ್ತರ ಬರಲಿಲ್ಲ. ಅಂದಿನಿಂದ ಅವಳ ಸಿಟ್ಟಿಗೆ ಇನ್ನೊಂದು ಸುತ್ತು ದಾರ ಬಿದ್ದಿತು.

ಇತ್ತೀಚೆಗೆ ಎಲ್‌ಇಡಿ ಬಲ್ಬು ಬಂದು ಮರೆವ್ವನ ಹೊಟ್ಟೆಗೆ ಬೇರೆ ಬೆಂಕಿ ಹಾಕಿದೆ. ಹಳೇ ಬಲ್ಬು ಮೂರು ತಿಂಗಳಿಗೊಮ್ಮೆ ಉರಿದುಹೋಗುತ್ತಿತ್ತು. ಇವು ಉರಿಯುತ್ತವೆ, ಹೋಗುವುದಿಲ್ಲ. "ಏನ ಬಲ್ಬೋ ಏನೋ, ಸಾಯೂದ ಗೊತ್ತಿಲ್ಲ" ಎಂದು ಅವಳು ದುಃಖಪಡುತ್ತಾಳೆ. ಮೊದಲು ವಾರಕ್ಕೆ ಮೂರು ಮನೆ, ಈಗ ತಿಂಗಳಿಗೆ ಒಂದು. ಹಾಗಾಗಿ ಪಕ್ಕದ ಮನೆಯ ಬಲ್ಬಿಗೂ ಈ ಜನ್ಮದಲ್ಲಿ ತನ್ನ ಗಳ ಮುಟ್ಟುವ ಯೋಗವಿಲ್ಲ ಎಂದು ಅವಳು ಹೆಚ್ಚುಕಡಿಮೆ ಕೈಬಿಟ್ಟಿದ್ದಳು.

ಅಷ್ಟರಲ್ಲಿ ಅಂಜನಾಳ ಕುಬಸ ಬಂತು. ಅಂಜನಾ ಮಲ್ಲಮ್ಮನ ಮಗಳು, ಇಳಕಲ್ಲಿಗೆ ಕೊಟ್ಟಿದ್ದಾರೆ. ಏಳು ತಿಂಗಳ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಖಣ ಒಯ್ಯಬೇಕು. ಕುಬಸ ಸೋಮವಾರ. ಊರಿಗೆಲ್ಲ ಖಣ ನೇಯುವವಳು ತನ್ನ ಮಗಳ ಕುಬಸಕ್ಕೆ ಅಂಗಡಿಯ ಖಣ ಒಯ್ಯುವುದುಂಟೇ? ಮಲ್ಲಮ್ಮ ಅದಕ್ಕೆಂದೇ ಹೊಸ ಹಸಿರು ಹಾಸು ಹಾಕಿ, ಅದರ ಮೊದಲ ಖಣ ಮಗಳಿಗೆ ಎಂದು ಹೇಳಿಕೊಂಡಿದ್ದಳು. ಅಂಜನಾ ಚಿಕ್ಕವಳಿದ್ದಾಗ ಹಗಲೆಲ್ಲ ಬೆಳೆದದ್ದು ಮರೆವ್ವನ ಮಡಿಲಲ್ಲಿ. "ಚಿಗವ್ವಾ, ನೀ ಬರಾಕ ಬೇಕು" ಎಂದು ಅವಳು ಫೋನಿನಲ್ಲಿ ಕರೆದಿದ್ದಳು. "ನಿಮ್ಮವ್ವ ಕರೀಲಿ, ಬರ್ತೇನಿ" ಎಂದು ಮರೆವ್ವ ಫೋನಿಟ್ಟಿದ್ದಳು. ಇಟ್ಟವಳು ಪೆಟ್ಟಿಗೆಯಿಂದ ಒಳ್ಳೇ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದನ್ನು ನಾವೆಲ್ಲ ನೋಡಿದ್ದೇವೆ. ಮೂರು ದಿನ ಹಾಕಿದಳು. ಅಷ್ಟು ಬಿಸಿಲು ಆ ಸೀರೆಗೆ ಬೇಕಿರಲಿಲ್ಲ, ಗೋಡೆಯಾಚೆಯವರಿಗೆ ಕಾಣಬೇಕಿತ್ತು.

ಶನಿವಾರ ಮುಂಜಾನೆ, ಖಣ ಅರ್ಧ ಆಗಿರುವಾಗ, ಮಲ್ಲಮ್ಮನ ಸಾಯಲಾರದ ಬಲ್ಬು ಸತ್ತಿತು.

ಗೋಡೆಯ ಈ ಕಡೆ ಮರೆವ್ವನ ಕೈ ಲಾಳಿಯ ಮೇಲೆ ನಿಂತಿತು. ಆಚೆ ಸಪ್ಪಳ ನಿಧಾನವಾಗಲಿಲ್ಲ, ಪೂರ್ತಿ ನಿಂತೇ ಹೋಯಿತು. ಹನ್ನೊಂದು ವರ್ಷದ ಹಿಂದಿನ ಅದೇ ಸಪ್ಪಳವಿಲ್ಲದ ಸಪ್ಪಳ. ಅವಳು ಎದ್ದು ಗಳ ಇಳಿಸಿದಳು, ಒರೆಸಿದಳು, ಕಟ್ಟೆಗೆ ಬಂದು ಕೂತಳು.

ಆಚೆ ಮನೆಯಲ್ಲಿ ಆ ಹೊತ್ತಿಗೆ ಮಲ್ಲಮ್ಮನ ಮಗ ವಿಜಯಮಹಾಂತೇಶ ಸಂಭ್ರಮದಲ್ಲಿದ್ದ. ಬಾಗಲಕೋಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಹುಡುಗ, ಇಂಥ ಹೊತ್ತಿಗೆ ಬೇಕೆಂದೇ ಫೋನಿನಲ್ಲಿ ನೋಡಿ ಒಂದು ಅಲ್ಯುಮಿನಿಯಂ ಕೋಲು ತರಿಸಿದ್ದ. ಒಂದರೊಳಗೊಂದು ಸೇರಿಕೊಂಡು ಮೊಳದುದ್ದ ಇರುತ್ತದೆ, ಎಳೆದರೆ ಹನ್ನೊಂದು ಅಡಿ. ತುದಿಗೆ ಬಲ್ಬಿಗೆ ಅಂಟಿಕೊಳ್ಳುವ ರಬ್ಬರಿನ ಬಟ್ಟಲು. "ಇನ್ನ ಯಾರ ಕಾಲೂ ಹಿಡಿಯೂದ ಬ್ಯಾಡ ಅವ್ವಾ, ಯಾರ ಗಳಾನೂ ಬ್ಯಾಡ" ಎಂದು ಕಿಟಕಿಯವರೆಗೆ ಬಂದು ನಿಂತ ನಮಗೆಲ್ಲ ಕೇಳುವಂತೆ ಹೇಳಿ, ಕೋಲು ಎಳೆದು ನಿಲ್ಲಿಸಿದ. ರಬ್ಬರು ಬಲ್ಬಿಗೆ ಚೆನ್ನಾಗಿಯೇ ಅಂಟಿತು. ತಿರುವಿದ. ಆ ಕೋಲು ಮಾಡಿದವರ ಊರಿನಲ್ಲಿ ಬಲ್ಬಿಗೆ ತಿರುಪು ಇರುತ್ತದೆ, ತಿರುವಿದರೆ ಬರುತ್ತದೆ. ನಮ್ಮದು ಪಿನ್ನಿನ ಬಲ್ಬು, ಒತ್ತದೆ ಬರುವುದಿಲ್ಲ.

"ಒತ್ತಲೇ, ಮ್ಯಾಲ ಒತ್ತು" ಎಂದು ಪ್ರಭುಲಿಂಗ ಅಂದ.

ಒತ್ತಿದ. ಕೋಲು ಒಂದರೊಳಗೊಂದು ಸರಿದು ಗಿಡ್ಡಾಯಿತು. ಮತ್ತೆ ಎಳೆದು ಮತ್ತೆ ಒತ್ತಿದ. ಒತ್ತಿದಷ್ಟೂ ಅದು ವಿನಯದಿಂದ ಕುಗ್ಗಿತು. ಮೂರನೆಯ ಸಲ ಸಿಟ್ಟಿನಿಂದ ಜಗ್ಗಿದಾಗ ಕೋಲು ಕೈಗೆ ಬಂತು, ರಬ್ಬರಿನ ಬಟ್ಟಲು ಬಲ್ಬಿಗೇ ಉಳಿಯಿತು, ಬಾವಲಿ ಜೋತುಬಿದ್ದ ಹಾಗೆ.

ಬಾಗಿಲ ಬೆಳಕಿನಲ್ಲಿ ನಿಧಾನಕ್ಕೆ ನೇಯ್ದರೆ ಖಣ ಸೋಮವಾರಕ್ಕೆ ಆಗುವುದಿಲ್ಲ. ಆಮೇಲೆ ಚಾರ್ಜಿನ ದೀಪವನ್ನು ಗೋಡೆಯ ಮೊಳೆಗೆ ತೂಗುಹಾಕಿ ನೋಡಿದರು. ಬೆಳಕು ಪಕ್ಕದಿಂದ ಬಂದು ಮಲ್ಲಮ್ಮನ ಕೈಯ ನೆರಳು ಹಾಸಿನ ಮೇಲೆ ಬಿದ್ದಿತು. ಎರಡು ಬೆರಳಿನಷ್ಟು ನೇಯ್ದು ನೋಡಿದರೆ ಹೂವು ಒಂದು ಕಡೆ, ಎಲೆ ಒಂದು ಕಡೆ. ಅಷ್ಟನ್ನೂ ಬಿಚ್ಚಿದಳು. ಗಂಡ ಏಣಿಯ ಮಾತು ತೆಗೆಯುತ್ತಲೇ, "ನನ್ನ ಹಾಸಿನ ಮ್ಯಾಲ ಇನ್ನೊಮ್ಮಿ ಯಾರರ ಹತ್ತಿದ್ರ ನಾ ಕುಬಸಕ್ಕ ಬರಂಗಿಲ್ಲ" ಅಂದಳು. ಅಂಗಡಿಯಿಂದ ಖಣ ತರೋಣ ಎಂದು ಮಗ ಅಂದದ್ದಕ್ಕೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದನ್ನು ನೋಡಿ ವಿಜಯಮಹಾಂತೇಶನ ಧಿಮಾಕು ಅವನ ಕೋಲಿನ ಹಾಗೆಯೇ ಒಳಗೆ ಸರಿಯಿತು. ಸೀದಾ ಮರೆವ್ವನ ಕಟ್ಟೆಗೆ ಬಂದ.

"ಚಿಗವ್ವಾ, ಗಳಾ ಕೊಡು."

"ಗಳ ಒಂದ ಬರಂಗಿಲ್ಲಪಾ."

"ಹಂಗಾರ ನೀನೂ ಬಾ."

"ನಿಮ್ಮವ್ವ ಕರದಾಳೇನು?"

"ಗಳಾ ತಗೊಂಬಾ ಅಂದಾಳ."

"ಗಳಾ ಅಂದಾಳ. ನನ್ನ ಅಂದಿಲ್ಲ." ಎನ್ನುತ್ತ ಮರೆವ್ವ ಒರೆಸಿದ ಗಳವನ್ನೇ ಮತ್ತೆ ಒರೆಸಿದಳು. "ಹನ್ನೊಂದ ವರ್ಷ ಕಾದೇನಿ. ಒಂದ ಮಾತ ಕರೀಲಿ."

ಅಷ್ಟರಲ್ಲಿ ಆಚೆ ಮನೆಯೊಳಗಿಂದ ಮಲ್ಲಮ್ಮ ಗೋಡೆಗೆ ಹೇಳುವುದು ಕೇಳಿಸಿತು. ಅವಳ ದನಿ ಯಾವತ್ತೂ ದೊಡ್ಡದು. "ಅಂಜನಾ ತಮ್ಮ ಮಗಳೂ ಹೌದು ಅಂತ ಯಾರಿಗರ ಅನ್ನಿಸಿದ್ರ ಬರ್ತಾರ, ಇಲ್ಲಂದ್ರ ಇಲ್ಲ."

ಇದು ಕರೆದದ್ದೋ ಅಲ್ಲವೋ ಎಂದು ಮರೆವ್ವ ಎರಡು ನಿಮಿಷ ಕೂತಲ್ಲೇ ಯೋಚಿಸಿದಳು. ಆಮೇಲೆ ಎದ್ದು ಗಳ ಹೆಗಲಿಗಿಟ್ಟುಕೊಂಡು ಹೊರಟಳು. ಆಚೆ ಮನೆಯ ಹೊಸ್ತಿಲವರೆಗೆ ಬಂದು ನಿಂತಳು. ಒಂದು ಬೆರಳಿನಷ್ಟೂ ಒಳಗೆ ಇಡಲಿಲ್ಲ. "ನಾ ಇಲ್ಲಿಂದನ ಹಾಕ್ತೇನಿ" ಅಂದಳು.

ಬಾಗಿಲಿಂದ ಮಲ್ಲಮ್ಮ ಕೂತ ಕುಣಿಗೆ ಎರಡೇ ಹೆಜ್ಜೆ. ಬಾಗಿಲ ಬೆಳಕು ಬೀಳಲೆಂದು ಕುಣಿ ತೋಡಿರುವುದೇ ಹಾಗೆ. ಹಾಸು ಅವಳ ಮುಂದೆ ಆಚೆ ಗೋಡೆಯವರೆಗೆ ಇತ್ತು. ಮರೆವ್ವ ಹೊಸ್ತಿಲಾಚೆ ನಿಂತು ಗಳವನ್ನು ಓರೆಯಾಗಿ ಒಳಗೆ ಚಾಚಿದಳು. ಡಬ್ಬಿ ಹೋಗಿ ಹೋಗಿ ಬಲ್ಬನ್ನು ರಬ್ಬರಿನ ಬಟ್ಟಲು ಸಮೇತ ಮುಟ್ಟಿತು. ಆದರೆ ಓರೆಯಾಗಿ ಒತ್ತಿದರೆ ಪಿನ್ನು ಬಿಡುತ್ತದೆಯೇ? ಬಾಗಿದಳು, ಹೊರಳಿದಳು, ಮಂಡಿಯೂರಿದಳು. ಕೊನೆಗೆ ಅಂಗಳದಲ್ಲಿ ಬೋರಲು ಮಲಗಿಯೂ ನೋಡಿದಳು. ಗಳ ನೆಟ್ಟಗೆ ನಿಂತರೆ ಮಾತ್ರ ಕೆಲಸ ಆಗುತ್ತಿತ್ತು, ಗಳ ನೆಟ್ಟಗೆ ನಿಲ್ಲಬೇಕಾದರೆ ಅದರ ಬುಡ ಮಲ್ಲಮ್ಮನ ಕುಣಿಯಲ್ಲಿ ಇರಬೇಕಿತ್ತು. ಬುಡ ಮರೆವ್ವನ ಕೈಯಲ್ಲಿತ್ತು.

ಮಲ್ಲಮ್ಮ ಕುಣಿಯಲ್ಲೇ ಎದ್ದು ನಿಂತು ಗಳದ ನಡು ಹಿಡಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳ ಮಾತು ಗೋಡೆಯನ್ನು ಬಿಟ್ಟು ಮನುಷ್ಯರ ಕಡೆ ಬಂತು.

"ಬಿಡು. ನಾನ ಹಾಕ್ತೇನಿ."

"ಬಿಡಂಗಿಲ್ಲ. ಪಿನ್ನ ಕೂತಾಗ ಟಕ್ ಅಂತೈತಿ, ಅದನ್ನ ಕೇಳಿ ತಿರುವಬೇಕು. ನಿನಗ ಕೇಳಸ್ತೈತೇನು?"

"ಏನಂದಿ?"

"ಟಕ್ ಅಂತೈತಿ, ನಿನಗ ಕೇಳಸ್ತೈತೇನು?"

"ಏನಂದಿ, ಜೋರ ಅನ್ನು."

ಕಿಟಕಿಯಲ್ಲಿ ಶಕೀಲ ಕಿಸಕ್ಕೆಂದಳು. ಮರೆವ್ವ ನಗಲಿಲ್ಲ, ಬಾಯಿ ತೆರೆದು ನಿಂತಳು. ನಲವತ್ತು ವರ್ಷ ಮಗ್ಗದ ಬಡಿತದಲ್ಲಿ ಕೂತ ಮಲ್ಲಮ್ಮನ ಕಿವಿ ಮಂದವಾಗಿತ್ತು. ಮನೆಯವರಿಗೆ ಗೊತ್ತಿತ್ತು, ಗೋಡೆಯಾಚೆಯವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಗೋಡೆಗೆ ಹೇಳಿದ್ದರಲ್ಲಿ ಅರ್ಧ ಗೋಡೆಗೇ ಸೇರಿತ್ತು.

"ಅಕ್ಕಾ, ನಿನಗ ಕಿವಿ..." ಎಂದು ಮರೆವ್ವ ಅನ್ನುವಷ್ಟರಲ್ಲಿ ಮಲ್ಲಮ್ಮನ ತಾಳ್ಮೆ ಮುಗಿಯಿತು. ಮಗ್ಗ ಜಗ್ಗಿ ಜಗ್ಗಿ ಗಟ್ಟಿಯಾದ ಕೈ ಅದು. ಗಳವನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ತನ್ನ ಕಡೆ ಎಳೆದಳು. ಗಳ ಒಂದೇ ಎಲ್ಲಿಗೂ ಹೋಗುವುದಿಲ್ಲವೆಂಬ ನಿಯಮ ಊರಿಗೆಲ್ಲ ಗೊತ್ತು. ಗಳ ಬಂತು, ಗಳದ ಆ ತುದಿಗೆ ಹಿಡಿದುಕೊಂಡ ಮರೆವ್ವನೂ ಬಂದಳು. ಹೊಸ್ತಿಲು ಯಾವಾಗ ದಾಟಿತೋ ಅವಳಿಗೇ ತಿಳಿಯಲಿಲ್ಲ. ಕುಣಿಯ ಅಂಚಿಗೆ ಬಂದು ನಿಂತ ಮೇಲೆ ಕಾಲು ನೋಡಿಕೊಂಡಳು.

"ನಾ ದಾಟಿಲ್ಲ ನೋಡ್ರಿ" ಎಂದು ಕಿಟಕಿಯ ಕಡೆ ತಿರುಗಿ ಸಾಕ್ಷಿ ಕೇಳಿದಳು. "ದಾಟಿದ್ದು ಗಳ. ನಾ ಅದರ ಹಿಂದ ಬಂದೆ."

"ಆತು, ಬಂದೀ ಅಂದ್ರ ಹಾಕು" ಅಂದಳು ಮಲ್ಲಮ್ಮ.

ಮರೆವ್ವ ಕುಣಿಗೆ ಇಳಿದಳು. ಒಬ್ಬರು ಕೂರುವ ಕುಣಿಯಲ್ಲಿ ಇಬ್ಬರು ನಿಂತರು. ಪ್ರಭುಲಿಂಗ ಬಟನ್ ಆರಿಸಿದ. ಗಳ ನೆಟ್ಟಗೆ ನಿಂತಿತು. ಮಲ್ಲಮ್ಮ ಬುಡ ಹಿಡಿದು ಮೇಲಕ್ಕೆ ಒತ್ತಿದಳು, ಮರೆವ್ವ ಕಣ್ಣು ಮುಚ್ಚಿ ಕಿವಿ ಹಚ್ಚಿ ತಿರುವಿದಳು. ಸತ್ತ ಬಲ್ಬು ರಬ್ಬರಿನ ಟೊಪ್ಪಿಗೆ ಹಾಕಿಕೊಂಡೇ ಕೆಳಗೆ ಬಂತು. ಅದನ್ನು ವಿಜಯಮಹಾಂತೇಶನ ಕೈಗೆ ಕೊಡುತ್ತಾ, "ಹಿಡಿ, ನಿನ್ನ ಫೋನಿಂದ ತರಿಸಿದ್ದು" ಅಂದಳು. ಹೊಸದು ಮೇಲೆ ಹೋಯಿತು. ಎಲ್ಲರೂ ಉಸಿರು ಹಿಡಿದರು.

"ಟಕ್ ಅಂತು" ಅಂದಳು ಮರೆವ್ವ. "ಹಾಕ್ರಿ ಬಟನ್."

ಹಸಿರು ಹಾಸಿನ ಉದ್ದಕ್ಕೂ ಬೆಳಕು ಬಿತ್ತು.

ಮರೆವ್ವನ ಕಣ್ಣು ಅಭ್ಯಾಸದಂತೆ ಒಮ್ಮೆ ಸುತ್ತ ಹೋಗಿಬಂತು. ಹನ್ನೊಂದು ವರ್ಷದ ಬಾಕಿ ನೋಡುವುದಿತ್ತಲ್ಲ. ಮಲ್ಲಮ್ಮನಿಗೆ ಅದು ಕಂಡಿತು.

"ನೋಡಿದಿ? ಇನ್ನ ಹೋಗಿ ಸಾರು, ಮಲ್ಲಮ್ಮನ ತೊಲಿಗಿ ಜೇಡರ ಬಲಿ ಅದಾವಂತ."

"ನಾ ಜೇಡರ ಬಲಿ ನೋಡಲಿಲ್ಲಕ್ಕಾ" ಎಂದು ಮರೆವ್ವ ಅವಳ ಕಿವಿಯ ಹತ್ತಿರವೇ ಅಂದಳು. ಅವಳು ನೋಡುತ್ತಿದ್ದದ್ದು ಹಾಸನ್ನು. "ಆರ ವರ್ಷದ ಹಿಂದ ಗ್ವಾಡಿಗಿ ಒಂದ ಮಾತ ಹೇಳಿದ್ದೆ. ನಿನಗ ಕೇಳಿಸಿರಲಿಲ್ಲಲ್ಲ?"

"ಏನ ಹೇಳಿದ್ದಿ?"

"ಏನಿಲ್ಲ ಬಿಡು."

"ಏನಂದಿ? ಜೋರ ಹೇಳು."

ಮರೆವ್ವ ಕಿಟಕಿಯನ್ನು ನೋಡಿದಳು. ಅಲ್ಲಿ ಅರ್ಧ ಓಣಿ ಇತ್ತು. ಇಷ್ಟು ವರ್ಷ ಊರವರ ಮನೆಯ ಗುಟ್ಟು ಹೊರಗೆ ತಂದವಳು ಈಗ ತನ್ನದನ್ನು ತರಬೇಕಿತ್ತು. ಕಣ್ಣು ಮುಚ್ಚಿ, ಗಳ ಗಟ್ಟಿಯಾಗಿ ಹಿಡಿದು, ಇದ್ದಷ್ಟೂ ದನಿಯಿಂದ ಕೂಗಿದಳು:

"ತಪ್ಪಾತು ಅಕ್ಕಾ ಅಂದಿದ್ದೆ! ಹಾಸಿನ ಮ್ಯಾಲ ಬಿದ್ದು ನಕ್ಕಿದ್ದು ತಪ್ಪಾತು ಅಂದಿದ್ದೆ!"

ಪಂಕ್ಚರ್ ಅಂಗಡಿಯ ಯಾಕೂಬಸಾಬರು ಓಣಿಯ ಆ ತುದಿಯಲ್ಲಿ ತಲೆಯೆತ್ತಿ ನೋಡಿದರಂತೆ.

ಮಲ್ಲಮ್ಮ ಗಳದ ಬುಡ ಬಿಟ್ಟು ಕುಣಿಯಲ್ಲಿ ಕೂತಳು. ಆಮೇಲೆ, "ಅಷ್ಟ ಜೋರ ಯಾಕ ಒದರ್ತಿ? ನಾ ಏನ ಕಿವುಡೇನು?" ಅಂದಳು. ಅಂದು ಲಾಳಿ ಕೈಗೆ ತೆಗೆದುಕೊಂಡಳು. ಅವಳ ತುಟಿಯ ಒಂದು ತುದಿ ಮೇಲೆ ಹೋಗಿತ್ತು, ಆದರೆ ಅದನ್ನು ನಗು ಎಂದು ನಾವು ಯಾರೂ ಅವಳ ಎದುರಿಗೆ ಅನ್ನಲಾರೆವು.

ಮರೆವ್ವ ಕುಣಿಯಿಂದ ಮೇಲೆ ಬಂದು ಹೋಗಲೂ ಆಗದೆ ಇರಲೂ ಆಗದೆ ನಿಂತಳು. ಮಗ್ಗ ಶುರುವಾಯಿತು. ಹಸಿರು ಖಣದಲ್ಲಿ ಹೂವಿನ ಪಕ್ಕಕ್ಕೆ ಎಲೆ ಸರಿಯಾಗಿ ಬಂದು ಕೂತಿತು. ನಾಲ್ಕು ಸಾಲು ನೇಯ್ದ ಮೇಲೆ ಮಲ್ಲಮ್ಮ ತಲೆಯೆತ್ತದೆಯೇ ಅಂದಳು:

"ಸೋಮವಾರ ಮುಂಜಾನಿ ಎಂಟಕ್ಕ ಗಾಡಿ ಬರ್ತೈತಿ. ಗಳಾ ಬ್ಯಾಡ. ನೀ ಒಬ್ಬಾಕಿನ ಬಾ."

ಮರೆವ್ವ ಅಂದು ಕೈಬೀಸಿಕೊಂಡು ಮನೆಗೆ ಬಂದಳು. ಗಳ ಮಲ್ಲಮ್ಮನ ಮನೆಯ ಮೂಲೆಯಲ್ಲೇ ಉಳಿಯಿತು. ಮರೆತು ಬಂದಳು ಎಂದು ಹುಲ್ಲಪ್ಪ ತರಲು ಹೊರಟರೆ, "ಇರ್ಲಿ ಬಿಡ್ರಿ" ಅಂದಳು. ಕುಬಸ ಮುಗಿಯಿತು, ಅಂಜನಾಳಿಗೆ ಹೆಣ್ಣು ಕೂಸು ಹುಟ್ಟಿತು, ಗಳ ಇನ್ನೂ ಅಲ್ಲಿಯೇ ಇದೆ.

ಈಗ ಯಾರ ಮನೆಯಲ್ಲಾದರೂ ಬಲ್ಬು ಹೋದರೆ ಮರೆವ್ವ, "ಗಳಾ ಅಕ್ಕನ ಮನ್ಯಾಗ ಐತಿ, ತಡೀರಿ ತರ್ತೇನಿ" ಎಂದು ಪಕ್ಕದ ಮನೆಗೆ ಹೋಗುತ್ತಾಳೆ. ನಾವು ಅವಸರ ಮಾಡುವುದಿಲ್ಲ. ಅವಳು ಗಳ ತರುವುದರೊಳಗೆ ಒಂದು ಮನೆ ಗುಡಿಸಿ, ಒರೆಸಿ, ಕಪಾಟಿನ ಮೇಲಿನದನ್ನು ಇಳಿಸಿ ಬಚ್ಚಿಡುವಷ್ಟು ಹೊತ್ತು ಸಿಗುತ್ತದೆ.